ಡಬ್ಬಿಯೊಳಗಿನ ಮೂರು ಗುಂಡಿ

ಮಾರ್ಚ್ ೧೧, ಮಂಗಳವಾರ

ಬೆರಳು ಇನ್ನೂ ಉರಿಯುತ್ತಿದೆ. ಇವತ್ತಿನ ಅಂಗಿಗಳಿಗೆಲ್ಲ ಗುಂಡಿ ತೂರಿಸುವ ಕಾಜಾ ಹೊಲಿದದ್ದು ನಾನೊಬ್ಬಳೇ.

ನಮ್ಮ ಹೊಲಿಗೆ ಅಂಗಡಿಯಲ್ಲಿ ಆ ಕೆಲಸ ಅಕ್ಕ, ಭಾವ, ನಾನು, ಮೂವರಿಗೂ ಬೇಡ. ಅದಕ್ಕೇ ಡಬ್ಬಿಗೆ ಎರಡು ಬಿಳಿ, ಒಂದು ಕಪ್ಪು ಗುಂಡಿ ಹಾಕಿ, ನೋಡದೆ ಒಬ್ಬೊಬ್ಬರಾಗಿ ಎತ್ತುತ್ತೇವೆ. ಕಪ್ಪು ಬಂದವರಿಗೆ ಕಾಜಾ, ಅಲ್ಲಿಗೆ ಆಟ ಮುಗಿಯಿತು. ಮೊದಲು ಎತ್ತುವವರಿಗೇ ಲಾಭ, ಆಗ ಎರಡೂ ಬಿಳಿ ಒಳಗಿರುತ್ತವೆ ಎಂದು ಭಾವನ ವಾದ. ನಾನು ಸುಮ್ಮನಿರಬೇಕಿತ್ತು.

“ಯಾವಾಗ ಎತ್ತಿದ್ರೂ ಮೂರರಲ್ಲೊಂದೇ ಭಾವ. ಎರಡನೆಯವರಿಗೆ ಕಪ್ಪು ಬರಬೇಕಂದ್ರೆ ಮೊದಲನೆಯವರಿಗೆ ಬಿಳಿ ಬಂದಿರಬೇಕು. ಅದು ಮೂರರಲ್ಲೆರಡು. ಉಳಿದ ಎರಡರಲ್ಲಿ ಒಂದು ಕಪ್ಪು, ಅಂದ್ರೆ ಅದರರ್ಧ. ಮತ್ತೆ ಮೂರರಲ್ಲೊಂದೇ ಆಯ್ತಲ್ಲ.”

“ಹಾಗಿದ್ರೆ ಇವತ್ತು ನೀನೇ ಮೊದಲು ಕೈ ಹಾಕು,” ಎಂದಳು ಅಕ್ಕ. ಹಾಕಿದೆ. ಕಪ್ಪು.

ಸಂಜೆ ಭಾವ ಚಹಾ ಕುಡಿಯಲು ಹೋದಾಗ ಡಬ್ಬಿ ಕವುಚಿ ನೋಡಿದೆ. ಉಳಿದ ಎರಡೂ ಕಪ್ಪು. ಬೆಳಿಗ್ಗೆ ಗುಂಡಿ ಹಾಕಿದ್ದು ಅಕ್ಕ. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಹೇಳಿದಳು: “ನಿನ್ನ ಲೆಕ್ಕ ಸರಿಯಾಗೇ ಇತ್ತು ಕಣೆ. ಒಳಗೆ ಏನಿದೆ ಅಂತ ನೋಡ್ಲಿಲ್ಲ, ಅಷ್ಟೇ.”

ಬೈಯಲು ಬಾಯಿ ತೆರೆದವಳಿಗೆ ನಗು ಬಂತು. ನಾಳೆಗೂ ಅವೇ ಮೂರು ಇರಲಿ ಎಂದೆ. ಭಾವ ನನ್ನ ಲೆಕ್ಕವನ್ನು ಇನ್ನೂ ಒಪ್ಪಿಲ್ಲ. ಮೊದಲು ಎತ್ತುವವರಿಗೇ ಲಾಭವಂತೆ.