ಲೂಡೋಗೆ ಮೊದಲ ಸ್ಥಾನ

ಒಂದು ಕಾಲಕ್ಕೆ ನನ್ನ ಹೆಂಡತಿಯಾಗಿದ್ದವಳೇ,

ಹೊಸ ವಿಳಾಸ ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಹಾಗಾಗಿ ಈ ಪತ್ರ ಮೇಜಿನ ಡ್ರಾಯರಿನ ಪಾಲು.

ಇವತ್ತು ಪ್ರೆಸ್ಸಿನಲ್ಲಿ ಕರೆಂಟು ಹೋಗಿ ಯಂತ್ರಗಳು ನಿಂತವು. ನಾನು ತಿದ್ದಬೇಕಾದ ಕರಡೂ ಬರಲಿಲ್ಲ. ಪುಸ್ತಕ ಹೊಲಿಯುವ ಬೈಂಡರ್ ಎಲ್ಲಿಂದಲೋ ಲೂಡೋ ತಂದು ಹರಡಿ, "ಸಾರ್, ನಿಮಗಿಷ್ಟದ ಮೂರು ಆಟ ಹೇಳಿ ನೋಡೋಣ" ಎಂದ.

ಮೂರನೆಯದು ಚದುರಂಗ ಎಂದೆ. ನನಗದರಲ್ಲಿ ಸದಾ ಮಾನಭಂಗ, ಆದರೂ ಎಲ್ಲಿ ತಪ್ಪಿದೆ ಎಂದು ಮರುದಿನವೂ ಯೋಚಿಸುತ್ತ ಕೂರಬಹುದು. ಎರಡನೆಯದು ಕೇರಂ. ಒಂದು ಕಾಯಿಯೂ ಬೀಳದಿದ್ದರೂ ಸ್ಟ್ರೈಕರಿನ ಸದ್ದಿಗೇ ಏನೋ ಸಾಧಿಸಿದಂತಾಗುತ್ತದೆ. ಮೊದಲನೆಯದು ಲೂಡೋ.

"ಮಕ್ಕಳಾಟಕ್ಕೆ ಫಸ್ಟ್ ರ್‍ಯಾಂಕಾ?"

"ದಾಳದ ಮುಂದೆ ದಡ್ಡನೂ ಒಂದೇ, ದೊಡ್ಡವನೂ ಒಂದೇ ಕಣಯ್ಯ."

ನಿನ್ನ ವಿಷಯ ಹೇಳಲಿಲ್ಲ. ಕಾಯಿ ಸತ್ತರೆ ಬಾಯಿ ಬಂದ್ ಮಾಡಿ, ನಾನು ಮಾತಾಡಿಸುವವರೆಗೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆಯಲ್ಲ, ಅದನ್ನು. ಕೊನೆಕೊನೆಗೆ ನಾನು ಪೇಪರು ಬಿಡಿಸಿಕೊಂಡು ಕೂರುತ್ತಿದ್ದುದನ್ನೂ.

ಆಡಿದೆವು. ಅವನ ಕಡೆಯ ಕಾಯಿ ಇನ್ನೇನು ಮನೆ ಮುಟ್ಟಬೇಕು, ಆಗ ನನಗೆ ಬೇಕಾದದ್ದೇ ಬಿತ್ತು.

"ಹೊಡೀಲಾ?" ಎಂದೆ. ನಿನ್ನ ಜೊತೆ ಆಡಿ ಬಂದ ಅಭ್ಯಾಸ.

"ಇದರಲ್ಲಿ ಕೇಳೋದೇನು ಸಾರ್, ಹೊಡೀರಿ. ಆಟ ತಾನೇ."

ಹೊಡೆದೆ. ಅವನು ಶಿಳ್ಳೆ ಹಾಕುತ್ತಲೇ ಕಾಯನ್ನು ಹಿಂದಕ್ಕಿಟ್ಟು ದಾಳ ಎತ್ತಿಕೊಂಡ. ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ಏನ್ಸಾರ್?" ಎಂದ.

"ಏನಿಲ್ಲ, ಹಾಕು."

ಗೆದ್ದೆ. ಅಷ್ಟರಲ್ಲಿ ಕರೆಂಟು ಬಂತು, ಅವನು ನಗುತ್ತ ಎದ್ದುಹೋದ. ಸಮಾಧಾನ ಮಾಡಬೇಕಾದವರು ಯಾರೂ ಇರಲಿಲ್ಲ.