ಕ್ಯಾಮೆರಾದ ಮುಖ ನಮ್ಮ ಬಾಗಿಲಿಗೆ

ಬೀದರ,
ಸೋಮವಾರ, ೧೭ ನವೆಂಬರ ೨೦೨೫

ನಮ್ಮ ಮಗಳು ಜಾಯ್ಸಳ ಅಪ್ಪನವರಿಗೆ, ರೂತಮ್ಮ ಮಾಡುವ ವಂದನೆಗಳು.

ಎರಡು ವರ್ಷದಲ್ಲಿ ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಫೋನಿನಲ್ಲಿ ಹೇಳೋಣವೆಂದರೆ ನಾನು ಒಂದು ಮಾತಾಡುವುದರೊಳಗೆ ನೀವು ಹತ್ತು ಮಾತಾಡುತ್ತೀರಿ. ಕಾಗದದ ಬಾಯಿ ಮುಚ್ಚಿಸಲು ನಿಮಗೂ ಆಗುವುದಿಲ್ಲ. ಎಕಂಬಾದಲ್ಲಿ ನರ್ಸ್ ಆಗಿರುವ ಅಂಜನಾಬಾಯಿಯ ಕೈಯಲ್ಲಿ ಕೊಡುತ್ತಿದ್ದೇನೆ. ಔರಾದದಲ್ಲಿ ಬಸ್ಸು ಬದಲಿಸಿ ನಾಳೆ ಮಧ್ಯಾಹ್ನದೊಳಗೆ ನಿಮ್ಮ ಅಣ್ಣನ ಮನೆಗೆ ಮುಟ್ಟಿಸುತ್ತಾಳೆ.

ನನಗೆ ಸಾಕಾಗಿದೆ. ಮೂವತ್ತೊಂದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನಿಂತಾಗಲೂ ಇಷ್ಟು ದಣಿದಿರಲಿಲ್ಲ. ಸೆಪ್ಟೆಂಬರಿನ ಒಂದು ರವಿವಾರ ಆರಾಧನೆ ಮುಗಿಸಿ ಬಂದಾಗ ಗೇಟಿನ ಪಕ್ಕದ ಮೂರೂ ಕುಂಡಗಳು ಒಡೆದಿದ್ದವು. ಎರಡು ವಾರ ಬಿಟ್ಟು ಕಿಟಕಿಯ ಗಾಜು. ಅಕ್ಟೋಬರಿನಲ್ಲಿ, ಸುಣ್ಣ ಹೊಡೆಸಿ ಎಂಟು ದಿನವೂ ಆಗಿರಲಿಲ್ಲ, ಮುಂಬಾಗಿಲಿಗೂ ಗೋಡೆಗೂ ಗಾಡಿಯ ಸುಟ್ಟ ಎಣ್ಣೆ ಸುರಿದಿತ್ತು. ಪ್ರತಿ ಸಲ ಸಂಜೆಗೆ ನಿಮ್ಮ ಫೋನು ಬರುತ್ತಿತ್ತು: "ಹೆಣ್ಮಗಳು ಒಬ್ಬಾಕಿ ಹ್ಯಾಂಗ ಇರ್ತಿ? ಮನ್ಯಾಗ ಗಂಡಸು ಅಂತ ಒಬ್ಬ ಬೇಕು. ನೀ ಒಂದ್ ಮಾತ ಅಂದ್ರ ಸಾಕು, ನಾ ಬರ್ತೇನಿ." ಎರಡು ವರ್ಷದ ಹಿಂದೆ, ಈ ಮನೆ ಮಾರಿ ಎಕಂಬಾದಲ್ಲಿ ಹೊಲ ಕೊಳ್ಳೋಣ ಎಂದು ನೀವು ಹಟ ಹಿಡಿದಿರಿ, ನಾನು ಒಲ್ಲೆ ಎಂದೆ. ಹೋಗುವುದಿದ್ದರೆ ಹೋಗಿ ಎಂದೂ ಅಂದೆ. ನೀವು ಹೋದಿರಿ. ಅಂದಿನಿಂದ ಕರೆಯಲಿ ಎಂದು ನೀವು ಅಲ್ಲಿ, ತಾವಾಗಿಯೇ ಬರಲಿ ಎಂದು ನಾನು ಇಲ್ಲಿ.

ಎಣ್ಣೆ ಸುರಿದ ದಿನ ನನ್ನ ತಮ್ಮ ಜೋಯಲ ಬಿಡಲಿಲ್ಲ, ಠಾಣೆಗೆ ಕರೆದುಕೊಂಡು ಹೋದ. ಯಾರ ಮೇಲೆ ಸಂಶಯ ಎಂದು ಕೇಳಿದರು. ಜೋಯಲ ಪಕ್ಕದ ಮನೆಯ ಹಾಜಿರಾಬೀಯ ಕಿರಿಯ ಮಗ ಅರ್ಬಾಜನ ಹೆಸರು ಹೇಳಿದ. ನಮ್ಮ ಗೇಟಿನ ಮುಂದೆ ಗಾಡಿ ನಿಲ್ಲಿಸಿದ್ದಕ್ಕೆ ಒಮ್ಮೆ ಮಾತಿಗೆ ಮಾತು ಬೆಳೆದಿತ್ತು, ಅಷ್ಟೇ. ಫ್ರಿಜ್ಜು ರಿಪೇರಿ ಮಾಡಿಕೊಂಡು ತನ್ನಷ್ಟಕ್ಕೆ ತಾನಿರುವ ಹುಡುಗ. ಅವನನ್ನು ಕರೆಸಿ ಬೆಳಿಗ್ಗೆಯಿಂದ ಇಳಿಹೊತ್ತಿನ ಅಸರ್ ನಮಾಜಿನವರೆಗೆ ಬೆಂಚಿನ ಮೇಲೆ ಕೂಡಿಸಿದರು. ಸುದ್ದಿ ಭಾಲ್ಕಿಗೆ ಮುಟ್ಟಿತು. ಅಲ್ಲಿಯ ರುಖ್ಸಾರ ಎಂಬ ಹುಡುಗಿಯ ಜೊತೆ ಅವನ ಮದುವೆ ಗೊತ್ತಾಗಿದೆ. ಬರುವ ಶುಕ್ರವಾರ ಹುಡುಗಿಯ ಕಡೆಯವರು ಬಂದು ಆಖೈರು ಮಾತು ಹೇಳುತ್ತಾರಂತೆ. ಠಾಣೆ ಮೆಟ್ಟಿಲು ಹತ್ತಿದವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಓಣಿಯೆಲ್ಲ ಆಡಿಕೊಳ್ಳುತ್ತಿದೆ.

ಇದಾದ ಮೇಲೆ ಕ್ಯಾಮೆರಾ ತರಲು ಹೋದೆ. ಅಂಗಡಿಯ ಮಡೆಪ್ಪ ನಾಲ್ಕಾರು ನಮೂನೆ ಮೇಜಿನ ಮೇಲೆ ಇಟ್ಟ. ಕರೆಂಟು ಹೋದರೂ ನಡೆಯುವಂಥದ್ದು, ಸಿಮ್ ಹಾಕುವಂಥದ್ದು, ಮೊಬೈಲಿನಲ್ಲೇ ತಿರುಗಿಸುವಂಥದ್ದು. ನನ್ನ ತಲೆ ಗಿರ್ರೆಂದಿತು. ಕಡೆಗೆ ಅವನೇ ಕೇಳಿದ: "ಅಕ್ಕಾರ, ನಿಮಗ ಹೆದರ್ಸೋದು ಬೇಕೋ, ಹಿಡಿಯೋದು ಬೇಕೋ? ಹೆದರ್ಸೋದಾದ್ರ ಕೆಂಪು ಲೈಟಿನ ದೊಡ್ಡದು ತೊಗೋರಿ. ಹಿಡಿಯೋದಾದ್ರ ಈ ಸಣ್ಣದು, ಕಣ್ಣಿಗೇ ಬೀಳಂಗಿಲ್ಲ." ಜೋಯಲ ಸಣ್ಣದನ್ನೇ ಎತ್ತಿಕೊಂಡ. ನಾನು ದೊಡ್ಡದು ಇರಲಿ ಎಂದೆ. ನನಗೆ ಯಾರನ್ನೂ ಹಿಡಿಯುವುದು ಬೇಕಿರಲಿಲ್ಲ, ನೋಡಿ ಹೆದರಿ ಬಿಟ್ಟುಬಿಟ್ಟರೆ ಸಾಕಾಗಿತ್ತು. ನನ್ನ ಮಾತು ಯಾರು ಕೇಳುತ್ತಾರೆ! ಸಣ್ಣದೇ ಬಂತು. ಯಾವ ಕಡೆ ಮುಖ ಮಾಡಲಿ ಎಂದು ಮಡೆಪ್ಪ ಕೇಳಿದ್ದಕ್ಕೆ ಜೋಯಲ ಹಾಜಿರಾಬೀಯ ಮನೆಯ ಕಡೆ ಕೈ ತೋರಿಸಿದ. ಅಂದೇ ಸಂಜೆ ಫೋನಿನಲ್ಲಿ ನಿಮಗೂ ಹೇಳಿದೆ. ನೀವು, "ಛಲೋ ಆತು ಬಿಡು, ಅದೇ ದಿಕ್ಕಿಗೆ ಇರಲಿ" ಎಂದಿರಿ.

ಮರುದಿನ ಹಾಜಿರಾಬೀ ತನ್ನ ಅಂಗಳಕ್ಕೆ ಹಳೆಯ ಚಾದರ ಕಟ್ಟಿದಳು. ನೆನಪಿದೆಯೇ, ನೀರಿನ ಟಾಕಿ ತೊಳೆಯಲು ಮಾಳಿಗೆ ಹತ್ತುವಾಗ ನೀವು "ಮ್ಯಾಲ ಬರ್ಲಾಕತ್ತೀನ್ರಿ, ಪರ್ದಾ!" ಎಂದು ಕೂಗುತ್ತಿದ್ದಿರಿ. ಆ ಮನೆಯ ಹೆಣ್ಣುಮಕ್ಕಳು ಒಳಗೆ ಹೋದ ಮೇಲೆಯೇ ಏಣಿಗೆ ಕಾಲಿಡುತ್ತಿದ್ದಿರಿ. ಕ್ಯಾಮೆರಾ ಕೂಗುವುದಿಲ್ಲವಲ್ಲ. ಇಪ್ಪತ್ತೆಂಟು ವರ್ಷ ಗೋಡೆಯ ಮೇಲಿಂದ ಸಾರು, ಸಕ್ಕರೆ, ಸುಖದುಃಖ ಎಲ್ಲ ದಾಟಿಸಿದವಳು ಚಾದರದ ಹಿಂದಿನಿಂದ ಒಂದೇ ಮಾತು ಅಂದಳು: "ರೂತ್ ಬೆಹನ್, ನಮ್ ಸೊಸಿ ಬಟ್ಟಿ ಒಣಾ ಹಾಕ್ಲಾಕೂ ನಿಮ್ ಪರ್ಮಿಷನ್ ಬೇಕಾತೇನ್ರಿ?" ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಶನಿವಾರ ಮಡೆಪ್ಪನನ್ನು ಕರೆಸಿ, ಇದರ ಮುಖ ನಮ್ಮ ಸ್ವಂತ ಬಾಗಿಲಿಗೇ ತಿರುಗಿಸಪ್ಪ ಎಂದೆ. ಅವನು ನಕ್ಕ. ನಿಮಗೆ ಫೋನ್ ಮಾಡಿದಾಗ ಇದನ್ನು ಹೇಳಲಿಲ್ಲ. ಮರೆತದ್ದಲ್ಲ.

ನಿನ್ನೆ ಆರಾಧನೆಯಲ್ಲಿ ಪಾಸ್ಟರು ಏನು ಬೋಧಿಸಿದರೋ ದೇವರಿಗೇ ಗೊತ್ತು. ನಾನು ಒಂದೇ ಪ್ರಾರ್ಥನೆ ಮಾಡುತ್ತ ಕೂತಿದ್ದೆ. ಬಂದು ನೋಡಿದರೆ ಗೋಡೆಯ ಮೇಲೆ ಮತ್ತೆ ಎಣ್ಣೆ. ಮೊಬೈಲು ತೆಗೆದೆ. ಹತ್ತೂ ಇಪ್ಪತ್ತಕ್ಕೆ ಮುಖಕ್ಕೆ ಟವೆಲು ಸುತ್ತಿಕೊಂಡು ಬಂದಿರಿ. ಡಬ್ಬಿ ಕೆಳಗಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು, ಗರಿಗಳ ಭಾನುವಾರದಂದು ಬಾಗಿಲಿಗೆ ಸಿಕ್ಕಿಸಿದ್ದ ಗರಿಯ ಶಿಲುಬೆಯನ್ನು ಮೆಲ್ಲಗೆ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿರಿ. ಆಮೇಲೆ ಎಣ್ಣೆ ಸುರಿದಿರಿ. ಹೋಗುವಾಗ ಅಂಗಳದಲ್ಲಿ ಸೋರುತ್ತಿದ್ದ ನಳವನ್ನೂ ಬಿಗಿ ಮಾಡಿ ಹೋದಿರಿ. ಅಯ್ಯೋ ದೇವರೇ, ಮನೆಗೆ ಮಸಿ ಬಳಿಯಲು ಬಂದವರಿಗೆ ನೀರು ಪೋಲಾಗುವುದು ಸಹಿಸಲಿಲ್ಲ! ನಗಬೇಕೋ ಅಳಬೇಕೋ ತಿಳಿಯದೆ ಆ ಮೆಟ್ಟಿಲ ಮೇಲೆಯೇ ಕೂತೆ.

ನಿಜ ಹೇಳುತ್ತೇನೆ, ನನಗೆ ಕ್ಯಾಮೆರಾ ಬೇಕಿರಲಿಲ್ಲ. ಅಕ್ಟೋಬರಿನಲ್ಲೂ ಶಿಲುಬೆ ಹೀಗೆಯೇ ಕಿಟಕಿಗೆ ಬಂದು ಕೂತಿತ್ತು, ಅದಕ್ಕೆ ಒಂದು ಹನಿ ಎಣ್ಣೆ ಸಿಡಿದಿರಲಿಲ್ಲ. ಅರ್ಬಾಜನಾಗಲಿ, ಓಣಿಯ ಪುಂಡರಾಗಲಿ ಹಾಗೆ ಮಾಡುತ್ತಾರೆಯೇ? ಆದರೂ ಬೇರೆ ಯಾರಾದರೂ ಸಿಕ್ಕಾರು ಎಂಬ ಆಸೆಗೆ ಕ್ಯಾಮೆರಾ ತಂದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ನಂಬಲು ಯಾವ ಹೆಂಡತಿಗೆ ಮನಸ್ಸಾದೀತು?

ನಾನು ಹೆದರಿ ನಿಮ್ಮನ್ನು ಕರೆಯಲಿ ಎಂದು ಇದನ್ನೆಲ್ಲ ಮಾಡಿದಿರಿ. ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆಯೇ ತೀರಿಸಿಕೊಳ್ಳಿ, ತಡೆದುಕೊಂಡೇನು. ಆ ಹುಡುಗ ಏನು ಮಾಡಿದ್ದ? ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಮೊದಲೇ ಬಂದು ಭಾಲ್ಕಿಯವರ ಎದುರು ನಿಮ್ಮ ಬಾಯಿಂದಲೇ ಹೇಳಿ. ನೀವು ಬಾರದಿದ್ದರೆ ಈ ವಿಡಿಯೊ ಅವರಿಗೆ ತೋರಿಸುತ್ತೇನೆ, ಠಾಣೆಗೂ ಕೊಡುತ್ತೇನೆ. ಇದು ಹೆದರಿಕೆ ಹಾಕುವ ಮಾತಲ್ಲ. ಹೆದರಿಸುವ ಶಕ್ತಿಯೂ ನನ್ನಲ್ಲಿ ಉಳಿದಿಲ್ಲ.

ಗೇಟಿನ ಮೇಲೆ ಇನ್ನೂ ನಿಮ್ಮ ಹೆಸರೇ ಇರುವ ಮನೆಯಿಂದ,
ರೂತಮ್ಮ

ತಾ.ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಠಾಣೆಯಲ್ಲಿ ಅರ್ಬಾಜನ ಹೆಸರು ಹೇಳಿದ್ದು ಜೋಯಲ ಅಲ್ಲ, ನಾನು. ಸಂಶಯ ಯಾರ ಮೇಲೆ ಎಂದಾಗ ನಿಮ್ಮ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಅವನದು ಹೇಳಿದೆ. ಹಾಜಿರಾಬೀಗೆ ಇದು ಇನ್ನೂ ಗೊತ್ತಿಲ್ಲ. ಶುಕ್ರವಾರ ನೀವು ಹೇಳುವುದು ಹೇಳಿ ಮುಗಿಸಿದ ಮೇಲೆ ಹೊರಟುಬಿಡಬೇಡಿ, ನಾನು ಹೇಳುವುದೂ ಇದೆ. ಅಷ್ಟು ಹೊತ್ತು ನನ್ನ ಪಕ್ಕದಲ್ಲಿ ನಿಂತಿರಿ.