ಒರೆಸಿ ಮೋರಿಗೆ ಚೆಲ್ಲಿದ ನೀರು

ಮಾನ್ಯ ಆಸ್ಪತ್ರೆ ತಪಾಸಣಾಧಿಕಾರಿಗಳೇ,

ನಮ್ಮ ಚನ್ನರಾಯಪಟ್ಟಣದ ಆಸ್ಪತ್ರೆಯೊಂದಕ್ಕೆ ತಾವು ಸ್ವಚ್ಛತೆಯ ಪ್ರಶಸ್ತಿ ಕೊಟ್ಟಿರಿ. ಆ ಸ್ವಚ್ಛತೆ ನನ್ನ ಹೆಂಡತಿ ಪ್ರತಿಭಾಳ ಪ್ರಾಣ ತೆಗೆಯುವುದರಲ್ಲಿತ್ತು. ಇದನ್ನು ಓದಿ ತಮ್ಮ ನಿದ್ದೆ ಕೆಟ್ಟೀತೆಂಬ ಭ್ರಮೆ ನನಗಿಲ್ಲ.

ನಮಗೆ ಮಗು ಬೇಕಿತ್ತು. ಗರ್ಭಕೋಶದೊಳಗಿನ ಗಡ್ಡೆ ಅಡ್ಡವಾಗಿತ್ತು. ಹೊಟ್ಟೆ ಕೊಯ್ಯದೆ, ಸಣ್ಣ ಕ್ಯಾಮೆರಾ ತೂರಿಸಿ ತೆಗೆಯುತ್ತೇವೆ, ಸಂಜೆಗೆ ಮನೆಗೆ ಹೋಗಬಹುದು ಎಂದರು ಆ ಆಸ್ಪತ್ರೆಯವರು. ಒಳಗೆ ಕಾಣಿಸಲೆಂದು ಗರ್ಭಕೋಶಕ್ಕೆ ಒತ್ತಡದಲ್ಲಿ ದ್ರವ ಹರಿಸುತ್ತಾರೆ. ಹೋದಷ್ಟೂ ಹೊರಬರುವುದಿಲ್ಲ, ಒಂದಿಷ್ಟು ರಕ್ತಕ್ಕೆ ಸೇರುತ್ತದೆ. ಅದು ಮಿತಿ ಮೀರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಹೊರಬಂದದ್ದನ್ನು ಚೀಲದಲ್ಲಿ ಹಿಡಿದು, ಆಗಾಗ ಅಳೆದು, ವ್ಯತ್ಯಾಸ ಹೆಚ್ಚಾದ ಕೂಡಲೇ ನಿಲ್ಲಿಸಬೇಕು. ಅವಳನ್ನು ಉಳಿಸಿಕೊಟ್ಟ ಹಾಸನದ ಡಾಕ್ಟರು ಇದನ್ನೆಲ್ಲ ಆಮೇಲೆ ನನಗೆ ಬಿಡಿಸಿ ಹೇಳಿದರು. ನಾನು ಕೊಬ್ಬರಿ ವ್ಯಾಪಾರಿ. ಮಂಡಿಗೆ ಬಂದದ್ದೆಷ್ಟು, ಲಾರಿ ಹತ್ತಿದ್ದೆಷ್ಟು ಎಂದು ನೋಡದವನನ್ನು ನಮ್ಮಲ್ಲಿ ಯಾರೂ ಅಂಗಡಿ ಕಾಯಲೂ ಕೂರಿಸುವುದಿಲ್ಲ. ತಮ್ಮ ಇಲಾಖೆಯಲ್ಲಿ ಅಂಥವರು ತಪಾಸಣೆಗೇ ಬರುತ್ತಾರೆ.

ಥಿಯೇಟರಿನ ನೆಲ ಒದ್ದೆ ಕಂಡರೆ ಅಂಕ ಕಳೆಯುತ್ತೇನೆಂದು ತಾವು ಗದರಿಸಿ ಹೋದಿರಂತೆ. ಅಂದಿನಿಂದ ಇದ್ದಬದ್ದ ಕೈಗಳೆಲ್ಲ ನೆಲ ಒರೆಸಲಿಕ್ಕೇ, ಚೀಲ ಕಟ್ಟಿ ಅಳೆಯುವ ಗೋಜೇ ಇಲ್ಲ. ಮೇಜಿನಿಂದ ಸೋರಿದ್ದನ್ನು ಸೋರಿದ ಹಾಗೆಯೇ ಒರೆಸಿ, ಬಕೆಟ್ಟಿಗೆ ಹಿಂಡಿ, ಮೋರಿಗೆ ಚೆಲ್ಲುವುದೇ ರೂಢಿ. ಆಪರೇಷನ್ ಅರ್ಧಕ್ಕೆ ಬಿಟ್ಟು ಪ್ರತಿಭಾಳನ್ನು ಹೊರಗೆ ತಂದಾಗ ಮುಖ ಊದಿತ್ತು, ಉಸಿರು ಸಿಗುತ್ತಿರಲಿಲ್ಲ, ನನ್ನ ಗುರುತೂ ಹಿಡಿಯಲಿಲ್ಲ. ಹಾಸನದ ಆಸ್ಪತ್ರೆಗೆ ಸಾಗಿಸುವ ಮೊದಲು, ಅವಳ ಮೈಯಲ್ಲಿ ನೀರೆಷ್ಟು ಉಳಿದಿದೆ ಎಂದು ಅಲ್ಲಿನ ಡಾಕ್ಟರು ಫೋನಿನಲ್ಲಿ ಕೇಳಿದರು. ನಾನು ನರ್ಸ್ ನೇತ್ರಾಳನ್ನು ಕೇಳಿದೆ.

“ನೆಲ ಒಣಗಿರ್ಬೇಕು ಅಂತ ಆರ್ಡರ್ ಐತೆ ಸಾ. ಅಳೀರಿ ಅಂತ ಯಾರೂ ಏಳಿಲ್ಲ” ಎಂದಳು.

ನಾನು ಅವಳನ್ನು ಬೈಯಲಿಲ್ಲ. ಬೈಗುಳ ತಮಗಾಗಿ ಇಟ್ಟುಕೊಂಡೆ. ದೂರು ಕೊಟ್ಟ ಮೇಲೆ ತಾವು ಬಂದು ಮಾಡಿದ್ದೇನು? ಫಿನಾಯಿಲ್ ವಾಸನೆ ನೋಡಿ, ಕಾಫಿ ಕುಡಿದು, ಎಲ್ಲವೂ ಅಚ್ಚುಕಟ್ಟಾಗಿದೆ ಎಂದು ಹೊರಟುಹೋದಿರಿ. ಹೆಣ್ಣಿನ ಉಸಿರಿಗಿಂತ ಟೈಲ್ಸಿನ ಹೊಳಪು ದೊಡ್ಡದೆಂದು ತಮಗೆ ಕಲಿಸಿದ ಪುಣ್ಯಾತ್ಮರು ಯಾರು?

ನೆಲ ಒಣಗಿರಬೇಕೆಂಬ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಿ. ಚೀಲವಿಲ್ಲದೆ, ಅಳೆಯಲೆಂದೇ ಒಬ್ಬರು ನಿಲ್ಲದೆ ಇಂಥ ಆಪರೇಷನ್ ನಡೆಯಕೂಡದೆಂದು ಆದೇಶಿಸಿ. ಹೊಟ್ಟೆಗೆ ಗ್ಯಾಸ್ ತುಂಬಿ ಕ್ಯಾಮೆರಾ ತೂರಿಸುವ ಆಪರೇಷನ್ನುಗಳಲ್ಲೂ ಒತ್ತಡ ಮಿತಿ ಮೀರಿದರೆ ಅಪಾಯವಂತೆ; ಅಲ್ಲೂ ಅದರ ಮೇಲೆ ಕಣ್ಣಿಡುವವರು ಇರಲಿ.

ಅರ್ಧ ಗಡ್ಡೆ ಇನ್ನೂ ಒಳಗೇ ಇದೆ. ಬೇಗ ತೆಗೆಸಿ ಎನ್ನುತ್ತಾರೆ ಡಾಕ್ಟರು. “ಮಗು ನಂಗೂ ಬೇಕು. ಆದ್ರೆ ಆ ಮೇಜಿನ್ ಮ್ಯಾಲೆ ಇನ್ನೊಂದ್ಸಲ ಮಲಗಕ್ಕಾಗಲ್ಲ ಕಣ್ರೀ” ಎನ್ನುತ್ತಾಳೆ ಪ್ರತಿಭಾ. ಹೆದರಬೇಡ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ತಮ್ಮ ಉತ್ತರವನ್ನು ನನಗಲ್ಲ, ಅವಳಿಗೇ ಬರೆಯಿರಿ.

ಇಂತಿ,
ಇನ್ನೂ ಅಪ್ಪನಾಗದ
ಸಿದ್ದೇಶ, ಚನ್ನರಾಯಪಟ್ಟಣ